ಮೆನುವಿನಲ್ಲಿರುವ ಮೂರಕ್ಷರ ಮತ್ತು ಅಲೆಕ್ ರೀವ್ಸ್

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ಸೆಮಿನಾರ್ ಹಾಲ್‌ನಲ್ಲಿ ಹಳೆಯ ಸಿನಿಮಾ ಹಾಕಿದ್ದು ನಿಮಗೆ ನೆನಪಿರಬಹುದು. ಪರದೆ ಮೇಲೆ ಚಿತ್ರವೇನೋ ಬಂತು, ಸ್ಪೀಕರ್‌ನಿಂದ ಬಂದದ್ದು ಮಾತ್ರ ಬರೀ ಕರಕರ ಸದ್ದು. ಕೇಬಲ್ ಬದಲಾಯಿಸಿದ್ದಾಯ್ತು, ಸ್ಪೀಕರ್ ತಟ್ಟಿದ್ದಾಯ್ತು. ಹಿಂದಿನ ಸಾಲಿನಿಂದ ಸಿಳ್ಳೆ ಬೇರೆ! ಕೊನೆಗೆ ಡಿವಿಡಿ ಪ್ಲೇಯರ್‌ನ ಸೆಟಪ್ ಮೆನುಗೆ ಹೋಗಿ, ಡಿಜಿಟಲ್ ಔಟ್‌ಪುಟ್ ಎಂಬಲ್ಲಿ ಬಿಟ್‌ಸ್ಟ್ರೀಮ್ ತೆಗೆದು ಪಿಸಿಎಂ ಒತ್ತಿದ ಮೇಲೆ ಮಾತು ಕೇಳಿಸಿತು.

ಕಾರಣ ಸರಳ. ಬಿಟ್‌ಸ್ಟ್ರೀಮ್ ಅಂದ್ರೆ ಡಿಸ್ಕಿನಲ್ಲಿ ಒತ್ತಿಟ್ಟಿರುವ ಡಾಲ್ಬಿ ಅಥವಾ ಡಿಟಿಎಸ್ ಮಾಹಿತಿಯನ್ನು ಪ್ಲೇಯರ್ ಬಿಚ್ಚದೆ ಹಾಗೇ ಕಳಿಸುತ್ತದೆ. ಬಿಚ್ಚುವ ಕೆಲಸ ಆಂಪ್ಲಿಫೈಯರ್‌ನದು. ನಮ್ಮ ಎರಡು ಚಾನೆಲ್‌ನ ಪುಟ್ಟ ಡಬ್ಬಿಗೆ ಆ ವಿದ್ಯೆ ಗೊತ್ತಿರಲಿಲ್ಲ. ಪಿಸಿಎಂ ಇಟ್ಟರೆ ಪ್ಲೇಯರೇ ಎಲ್ಲವನ್ನೂ ಬಿಚ್ಚಿ, ನೇರ ಅಂಕಿಗಳನ್ನಾಗಿ ಕಳಿಸುತ್ತದೆ. ಮನೆಯಲ್ಲಿ ಡಿಕೋಡರ್ ಇರುವ 5.1 ರಿಸೀವರ್ ಇದ್ದರೆ ಬಿಟ್‌ಸ್ಟ್ರೀಮ್ ಇಡಿ, ಸಾಧಾರಣ ಸ್ಟೀರಿಯೋ ಆದರೆ ಪಿಸಿಎಂ ಇಡಿ.

ಆದರೆ ಈ ಪಿಸಿಎಂ ಯಾರ ತಲೆಯಲ್ಲಿ ಹುಟ್ಟಿತು? ಪಲ್ಸ್ ಕೋಡ್ ಮಾಡ್ಯುಲೇಶನ್‌ನ ಬ್ಲಾಕ್ ಡಯಾಗ್ರಾಂ ಬರೆದು ನಾವೆಲ್ಲ ಹತ್ತು ಅಂಕ ಗಿಟ್ಟಿಸಿದ್ದೇವೆ. ಅದನ್ನು ಕಂಡುಹಿಡಿದವರ ಬಗ್ಗೆ ಒಂದು ಅಂಕದ ಪ್ರಶ್ನೆಯನ್ನೂ ಯಾರೂ ಕೇಳಲಿಲ್ಲ.

ಅವರು ಅಲೆಕ್ ಹಾರ್ಲೆ ರೀವ್ಸ್. ಹುಟ್ಟಿದ್ದು 1902ರ ಮಾರ್ಚ್ 10ರಂದು, ಇಂಗ್ಲೆಂಡಿನ ಸರ್ರೆ ಪ್ರಾಂತ್ಯದ ರೆಡ್‌ಹಿಲ್‌ನಲ್ಲಿ. ಲಂಡನ್ನಿನ ಸಿಟಿ ಆ್ಯಂಡ್ ಗಿಲ್ಡ್ಸ್ ಕಾಲೇಜಿನಲ್ಲಿ ನಮ್ಮ ಹಾಗೇ ಎಂಜಿನಿಯರಿಂಗ್ ಓದಿದರು. 1923ರಲ್ಲಿ ಟೆಲಿಫೋನ್ ಉದ್ಯಮಕ್ಕೆ ಕೆಲಸಕ್ಕೆ ಸೇರಿ, ಕೆಲವು ವರ್ಷಗಳ ನಂತರ ಪ್ಯಾರಿಸ್ಸಿನ ಪ್ರಯೋಗಾಲಯಕ್ಕೆ ಹೋದರು.

ಆಗಿನ ದೊಡ್ಡ ತಲೆನೋವು ಗದ್ದಲ. ಟ್ರಂಕ್ ಲೈನಿನಲ್ಲಿ ಮಾತು ದೂರ ಹೋದಷ್ಟೂ ಕ್ಷೀಣಿಸುತ್ತದೆ, ನಡುನಡುವೆ ಅದನ್ನು ಹಿಗ್ಗಿಸಬೇಕು. ಹಿಗ್ಗಿಸುವಾಗ ಮಾತಿನ ಜೊತೆ ಗದ್ದಲವೂ ಹಿಗ್ಗುತ್ತದೆ. ಜೆರಾಕ್ಸಿನ ಜೆರಾಕ್ಸ್ ತೆಗೆಸಿದ ನೋಟ್ಸ್ ಹಾಗೆ, ಹತ್ತನೇ ಕೈಗೆ ಬರುವಷ್ಟರಲ್ಲಿ ಅಕ್ಷರಕ್ಕಿಂತ ಕಲೆಯೇ ಹೆಚ್ಚು. 1937ರಲ್ಲಿ ರೀವ್ಸ್ ಈ ಸಮಸ್ಯೆಯನ್ನೇ ತಲೆಕೆಳಗು ಮಾಡಿದರು. ಅಲೆಯನ್ನು ಕಳಿಸುವುದೇ ಬೇಡ. ಅದರ ಎತ್ತರವನ್ನು ಸಮ ಅಂತರದಲ್ಲಿ ಅಳೆದು, ಆ ಅಳತೆಯನ್ನು ಸಂಖ್ಯೆ ಮಾಡಿ, ಸಂಖ್ಯೆಯನ್ನು ಮಿಡಿತಗಳಾಗಿ ಕಳಿಸೋಣ ಅಂದರು. ಆಗ ದಾರಿಯ ಪ್ರತಿ ಠಾಣೆಯೂ ಕೇಳಬೇಕಾದ್ದು ಒಂದೇ ಪ್ರಶ್ನೆ: ಮಿಡಿತ ಇದೆಯೋ, ಇಲ್ಲವೋ? ಇದ್ದರೆ ಹೊಸದೊಂದನ್ನು ಹುಟ್ಟಿಸಿ ಮುಂದೆ ಕಳಿಸಿದರಾಯಿತು, ಗದ್ದಲ ಅಲ್ಲೇ ಉಳಿಯುತ್ತದೆ.

1938ರಲ್ಲಿ ಫ್ರಾನ್ಸಿನಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1942ರಲ್ಲಿ ಅಮೆರಿಕದ ಪೇಟೆಂಟ್ ಬಂತು. ಆದರೆ ಕಟ್ಟುವುದು ಹೇಗೆ? ಆಗ ಟ್ರಾನ್ಸಿಸ್ಟರ್ ಇಲ್ಲ, ಬರೀ ವಾಲ್ವ್‌ಗಳು. ಸರ್ಕ್ಯೂಟು ದೊಡ್ಡದು, ಖರ್ಚು ವಿಪರೀತ. ಟ್ರಾನ್ಸಿಸ್ಟರ್ ಬಂದದ್ದು 1947ರಲ್ಲಿ. ಅಮೆರಿಕದ ಪೇಟೆಂಟಿನ 17 ವರ್ಷದ ಅವಧಿ 1959ಕ್ಕೆ ಮುಗಿಯಿತು. ಬೆಲ್ ಸಂಸ್ಥೆಯ ಟಿ1 ಎಂಬ ಪಿಸಿಎಂ ಟೆಲಿಫೋನ್ ವ್ಯವಸ್ಥೆ ಬಳಕೆಗೆ ಬಂದದ್ದು 1962ರಲ್ಲಿ. ಬೆಳೆ ಕೊಯ್ಲಿಗೆ ಬರುವಷ್ಟರಲ್ಲಿ ಹೊಲದ ಗುತ್ತಿಗೆಯೇ ಮುಗಿದಿತ್ತು.

ನಡುವೆ ಯುದ್ಧ ಬಂತು. 1940ರಲ್ಲಿ ಜರ್ಮನ್ ಸೈನ್ಯ ಪ್ಯಾರಿಸ್ಸಿನತ್ತ ನುಗ್ಗಿದಾಗ ರೀವ್ಸ್ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದರು. ಅವರು ಹಿಂಸೆಯನ್ನು ಒಪ್ಪದ ಮನುಷ್ಯ. ಆದರೂ ಫ್ರ್ಯಾಂಕ್ ಜೋನ್ಸ್ ಜೊತೆ ಸೇರಿ ಓಬೋ ಎಂಬ ರೇಡಿಯೋ ವ್ಯವಸ್ಥೆ ಕಟ್ಟಿದರು. ನೆಲದ ಮೇಲಿನ ಎರಡು ಕೇಂದ್ರಗಳು ವಿಮಾನದ ದೂರ ಅಳೆಯುತ್ತವೆ. ಒಂದು ದಾರಿ ತಪ್ಪದಂತೆ ನೋಡಿದರೆ, ಇನ್ನೊಂದು ಬಾಂಬ್ ಬಿಡುವ ಕ್ಷಣ ತಿಳಿಸುತ್ತದೆ. ಗುರಿ ನಿಖರವಾದಷ್ಟೂ ಅಮಾಯಕರ ಸಾವು ಕಡಿಮೆ ಎಂಬುದು ಅವರು ತಮಗೆ ತಾವೇ ಕೊಟ್ಟುಕೊಂಡ ಸಮಾಧಾನ. 1943ರಲ್ಲಿ ಅದೇ ಓಬೋ ತೋರಿದ ಗುರಿಯ ಮೇಲೆ ಎಸ್ಸೆನ್‌ನಂಥ ಊರುಗಳಿಗೆ ಬೆಂಕಿ ಬಿತ್ತು. 1945ರಲ್ಲಿ ಹಸಿದಿದ್ದ ನೆದರ್‌ಲೆಂಡ್ಸ್ ಜನರಿಗೆ ವಿಮಾನದಿಂದ ಆಹಾರ ಹಾಕುವ ಜಾಗ ಗುರುತಿಸಲೂ ಓಬೋ ನೆರವಾಯಿತು. ನಾವು ಮಾಡಿದ ಯಂತ್ರ ಯಾರ ಕೈಗೆ ಹೋಗಿ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಅವರಿಗೂ ಸುಲಭವಾಗಿರಲಿಲ್ಲ, ನಮಗೂ ಅಲ್ಲ.

ಯುದ್ಧದ ನಂತರ ಸ್ಟ್ಯಾಂಡರ್ಡ್ ಟೆಲಿಕಮ್ಯುನಿಕೇಶನ್ ಲ್ಯಾಬೊರೇಟರೀಸ್‌ನಲ್ಲಿ ಬೆಳಕಿನ ಮೂಲಕ ಸಂದೇಶ ಕಳಿಸುವ ಸಂಶೋಧನೆಗೆ ರೀವ್ಸ್ ಬೆನ್ನೆಲುಬಾದರು. ಅಲ್ಲೇ ದುಡಿಯುತ್ತಿದ್ದ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್ 1966ರಲ್ಲಿ ಗಾಜಿನ ಎಳೆಯ ಬಗ್ಗೆ ಬರೆದ ಪ್ರಬಂಧ ಇಂದಿನ ಆಪ್ಟಿಕಲ್ ಫೈಬರ್‌ಗೆ ಬುನಾದಿ. ಕಾವ್‌ಗೆ 2009ರಲ್ಲಿ ನೊಬೆಲ್ ಬಂತು. ರೀವ್ಸ್ ತಮ್ಮ ಬಿಡುವಿನ ವೇಳೆಯನ್ನು ಯುವಕರಿಗೆ, ಜೈಲಿನಿಂದ ಹೊರಬಂದವರಿಗೆ ಕೊಟ್ಟರು. 1969ರಲ್ಲಿ ಸಿಬಿಇ ಗೌರವ ಸಿಕ್ಕಿತು. ಅದೇ ವರ್ಷ ಬ್ರಿಟನ್ ಪಿಸಿಎಂ ಹೆಸರಲ್ಲಿ ಒಂದು ಅಂಚೆಚೀಟಿಯನ್ನೂ ತಂದಿತು. 1971ರ ಅಕ್ಟೋಬರ್ 13ರಂದು ತೀರಿಕೊಂಡರು.

ಸಿಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಸೆಕೆಂಡಿಗೆ 44,100 ಸಲ ಅಳತೆ, ಪ್ರತಿ ಅಳತೆಗೆ 16 ಬಿಟ್, ಎರಡು ಚಾನೆಲ್: ಎಲ್ಲವೂ ಅವರದೇ ಉಪಾಯ. ಅದನ್ನು ಕೇಳಲು ಅವರು ಇರಲಿಲ್ಲ.

ಅವತ್ತು ಹಾಲ್‌ನಲ್ಲಿ ಪ್ಲೇಯರ್‌ಗೂ ಡಬ್ಬಿಗೂ ನಡುವೆ ನಾವು ಸಿಕ್ಕಿಸಿದ್ದು ಕೆಂಪು ಬೆಳಕಿನ ಆಪ್ಟಿಕಲ್ ಕೇಬಲ್. ಮೆನುವಿನಲ್ಲಿ ರೀವ್ಸ್‌ರ ಯೌವನದ ಕೆಲಸ, ಕೇಬಲ್ಲಿನಲ್ಲಿ ಅವರ ಮುಪ್ಪಿನ ಕನಸು. ಎರಡೂ ಕೂಡಿದಾಗಲೇ ನಮ್ಮ ಸಿನಿಮಾ ಮಾತಾಡಿದ್ದು. ಮುಂದಿನ ಸಲ ಪಿಸಿಎಂ ಒತ್ತುವಾಗ ಈ ಹೆಸರನ್ನೂ ಒಮ್ಮೆ ನೆನೆಯೋಣ. ಹಾಂ, ಸಿನಿಮಾ ಶುರುವಾಗುವ ಮುಂಚೆನೇ ಒತ್ತೋಣ!