ಫಾದರ್ ಮುಲ್ಲರ್

ಆಗಸ್ಟಸ್ ಮುಲ್ಲರ್ ಅವರು 1841ರಲ್ಲಿ ಜರ್ಮನಿಯಲ್ಲಿ ಜನಿಸಿದರು. ಯೇಸುಸಭೆಯನ್ನು ಸೇರಿ, ಪಾದ್ರಿಯಾಗಿ ಮಂಗಳೂರಿಗೆ ಬಂದರು. ಹೋಮಿಯೋಪಥಿಯನ್ನು ಬಲ್ಲವರಾಗಿದ್ದ ಅವರು 1880ರಲ್ಲಿ ಆಲದ ಮರವೊಂದರ ನೆರಳಿನಲ್ಲಿ ಬಡರೋಗಿಗಳಿಗೆ ಔಷಧ ಕೊಡಲಾರಂಭಿಸಿದರು.

ಆ ದಿನಗಳಲ್ಲಿ ಕುಷ್ಠರೋಗವೆಂದರೆ ಜನರಿಗೆ ಮರಣಕ್ಕಿಂತಲೂ ಮಿಗಿಲಾದ ಭಯ. ರೋಗ ತಗುಲಿದವರಿಗೆ ಸ್ವಂತ ಮನೆಯ ಬಾಗಿಲೇ ಮುಚ್ಚುತ್ತಿತ್ತು. ಅದು ಪೂರ್ವಜನ್ಮದ ಪಾಪದ ಫಲವೆಂದು ಹಲವರು ನಂಬಿದ್ದರು. ನಾರ್ವೆಯ ವೈದ್ಯ ಹ್ಯಾನ್ಸೆನ್ ಅವರು 1873ರಲ್ಲಿಯೇ ಈ ರೋಗದ ಸೂಕ್ಷ್ಮಾಣುವನ್ನು ಗುರುತಿಸಿದ್ದರು. ಆದರೆ ಅದನ್ನು ನಾಶಪಡಿಸುವ ಮದ್ದು ಜಗತ್ತಿನ ಯಾವ ವೈದ್ಯರ ಬಳಿಯೂ ಇರಲಿಲ್ಲ. ಮುಲ್ಲರ್ ಅವರ ಔಷಧದ ಪೆಟ್ಟಿಗೆಯಲ್ಲಿಯೂ ಇರಲಿಲ್ಲ. ಆದರೂ ಅವರು 1890ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯಧಾಮವನ್ನು ತೆರೆದರು. ರೋಗ ಗುಣವಾಗದಿದ್ದರೂ ರೋಗಿಗೆ ಅನ್ನ, ಆಸರೆ, ಶುಶ್ರೂಷೆಗಳು ದೊರೆತವು. 1895ರಲ್ಲಿ ಆಸ್ಪತ್ರೆಯೂ ಆರಂಭವಾಯಿತು. 1910ರ ನವೆಂಬರ್ 1ರಂದು ಅವರು ತೀರಿಕೊಂಡರು.

ಅವರು ಉಪಚರಿಸಿದ ರೋಗಿಗಳ ಕೈಕಾಲುಗಳು ಮರಗಟ್ಟುತ್ತಿದ್ದುದೇಕೆ? ಇದರ ಮರ್ಮವನ್ನು ವಿಜ್ಞಾನವು ಬಹುಕಾಲದ ಮೇಲೆ ಬಿಡಿಸಿತು. ಶಿಶುವು ಗರ್ಭದಲ್ಲಿ ಬೆಳೆಯುವಾಗ ಜೀವಕೋಶಗಳು ಒಂದಕ್ಕೊಂದು ರಾಸಾಯನಿಕ ಸಂಕೇತಗಳನ್ನು ಕಳುಹಿಸುತ್ತವೆ. ಕೋಶದ ಮೇಲ್ಮೈಯಲ್ಲಿರುವ ಗ್ರಾಹಕವು ಸಂಕೇತವನ್ನು ಹಿಡಿದು ಒಳಕ್ಕೆ ಮುಟ್ಟಿಸುತ್ತದೆ. ನರತಂತುವಿನಿಂದ ಬಂದ ಇಂತಹ ಸಂಕೇತದಂತೆಯೇ ಶ್ವಾನ್ ಕೋಶಗಳು ಅದರ ಸುತ್ತ ಹೊದಿಕೆಯಾಗಿ ಸುತ್ತಿಕೊಳ್ಳುತ್ತವೆ. ಕುಷ್ಠದ ಸೂಕ್ಷ್ಮಾಣು ನೆಲಸುವುದು ಈ ಶ್ವಾನ್ ಕೋಶಗಳಲ್ಲಿಯೇ. ಅದು ಗ್ರಾಹಕಕ್ಕೆ ಅಂಟಿಕೊಂಡು, ಬಾರದ ಸಂಕೇತವು ಬಂದಂತೆ ಕೋಶವನ್ನು ವಂಚಿಸಿ, ಹೊದಿಕೆ ಕಳಚುವಂತೆ ಮಾಡುತ್ತದೆಂದು 2006ರ ಸಂಶೋಧನೆಯೊಂದು ತೋರಿಸಿತು. ಬೆಳೆದ ಶ್ವಾನ್ ಕೋಶವನ್ನು ಅದು ಭ್ರೂಣದ ಕೋಶದಂತಹ ಎಳೆಯ ಸ್ಥಿತಿಗೆ ಮರಳಿಸಬಲ್ಲದೆಂದು 2013ರಲ್ಲಿ ಇಲಿಗಳ ಕೋಶಗಳಿಂದ ತಿಳಿದುಬಂದಿತು. ಹೀಗೆ, ಅಂಗವನ್ನು ರೂಪಿಸುವ ಸಂಕೇತವೇ ದಾರಿ ತಪ್ಪಿದರೆ ಅಂಗವನ್ನು ಕೆಡಿಸುತ್ತದೆ. ನರ ಕೆಟ್ಟಾಗ ಬೆಂಕಿ ತಾಗಿದರೂ, ಮುಳ್ಳು ಚುಚ್ಚಿದರೂ ನೋವು ತಿಳಿಯದು. ಅರಿವಿಗೆ ಬಾರದ ಗಾಯಗಳು ಕೊಳೆತು ಬೆರಳುಗಳು ಮೊಂಡಾಗುತ್ತವೆ. ಇದಕ್ಕೂ ಪಾಪಪುಣ್ಯಗಳಿಗೂ ಸಂಬಂಧವಿಲ್ಲ.

1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಇಂದು ಆರರಿಂದ ಹನ್ನೆರಡು ತಿಂಗಳ ಚಿಕಿತ್ಸೆಯಿಂದ ಕುಷ್ಠವು ಗುಣವಾಗುತ್ತದೆ. ಆದರೆ ಒಮ್ಮೆ ಕೆಟ್ಟ ನರವು ಪೂರ್ಣವಾಗಿ ಸರಿಹೋಗುವುದು ಕಷ್ಟ. ಆದುದರಿಂದ ಚರ್ಮದಲ್ಲಿ ಸ್ಪರ್ಶ ತಿಳಿಯದ ಮಚ್ಚೆ ಕಂಡೊಡನೆ ವೈದ್ಯರಲ್ಲಿಗೆ ಹೋಗಬೇಕು. ನಾಚಿಕೆಯಿಂದಲೋ ಭಯದಿಂದಲೋ ಅದನ್ನು ಮರೆಮಾಡುವವರು ಈಗಲೂ ಇದ್ದಾರೆ. ಮದ್ದೇ ಇಲ್ಲದ ಕಾಲದಲ್ಲಿ ರೋಗಿಯನ್ನು ಬಳಿಗೆ ಕರೆದುಕೊಂಡವರು ಫಾದರ್ ಮುಲ್ಲರ್. ಮದ್ದಿರುವ ಈ ಕಾಲದಲ್ಲಿ ರೋಗಿಯನ್ನು ದೂರವಿಡಲು ಯಾರಿಗೂ ಕಾರಣ ಉಳಿದಿಲ್ಲ.