ಪುಟ್ಟಣ್ಣ ತೋರಿದ ಹಿನ್ನೋಟದ ಹಾದಿ

ಕತೆಯನ್ನು ವರ್ತಮಾನದಿಂದ ಗತಕಾಲಕ್ಕೆ ಕರೆದೊಯ್ಯುವ ವಿದ್ಯೆಗೆ ಕನ್ನಡ ಚಿತ್ರರಂಗದಲ್ಲಿ ಘನತೆ ತಂದವರಲ್ಲಿ ಪುಟ್ಟಣ್ಣ ಕಣಗಾಲ್ ಪ್ರಮುಖರು. 1933ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಲ್ಲಿ ಜನಿಸಿದ ಅವರು ಬಡತನದ ನಡುವೆ ಬೆಳೆದು, ಬಿ.ಆರ್. ಪಂತುಲು ಅವರ ಸಹಾಯಕರಾಗಿ ಪಳಗಿದರು. 1967ರ ‘ಬೆಳ್ಳಿಮೋಡ’ ಅವರು ನಿರ್ದೇಶಿಸಿದ ಮೊದಲ ಕನ್ನಡ ಚಿತ್ರ.

ಆಗ ಒಂದು ದೃಶ್ಯ ಕರಗಿ ಇನ್ನೊಂದು ಮೂಡಬೇಕಾದರೆ ಎರಡು ಫಿಲ್ಮ್ ತುಣುಕುಗಳನ್ನು ಪ್ರಯೋಗಾಲಯದಲ್ಲಿ ಒಂದರ ಮೇಲೊಂದು ಮುದ್ರಿಸಬೇಕಿತ್ತು. ಇಂದು ಕಂಪ್ಯೂಟರಿನಲ್ಲಿ ಅದು ಕ್ಷಣದ ಕೆಲಸ. ಆದರೆ ತಂತ್ರ ಸುಲಭವಾದ ಮಾತ್ರಕ್ಕೆ ನಂಬಿಕೆ ಹುಟ್ಟದು. ಒಂದು ನೋಟ, ಒಂದು ಸದ್ದು ಪಾತ್ರದ ನೆನಪನ್ನು ಕಲಕಿದ ಮೇಲೆಯೇ ಪ್ರೇಕ್ಷಕ ಅದರೊಡನೆ ಹಿಂದಕ್ಕೆ ಹೆಜ್ಜೆಯಿಡುತ್ತಾನೆ.

ತ್ರಿವೇಣಿಯವರ ಕಾದಂಬರಿ ಆಧರಿಸಿದ ‘ಶರಪಂಜರ’ (1971) ಇದಕ್ಕೆ ನಿದರ್ಶನ. ಕಲ್ಪನಾ ಅಭಿನಯಿಸಿದ ಕಾವೇರಿಯ ಮನೋವ್ಯಾಧಿಯ ಬೇರು ವಿವಾಹಪೂರ್ವದ ಕಹಿ ಘಟನೆಯೊಂದರಲ್ಲಿದೆ. ಆ ಗತವನ್ನು ಕಂಡವರಿಗೆ ಅವಳನ್ನು ಹುಚ್ಚಿಯೆಂದು ದೂರವಿಡಲಾಗದು.

ಎಂಬತ್ತರ ದಶಕದ ಕೊನೆಯಲ್ಲಿ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯಲ್ಲಿ ಸೇವೆಯಲ್ಲಿದ್ದಾಗ ಕೊಟ್ಟೂರಿನ ಟೆಂಟಿನಲ್ಲಿ ಈ ಚಿತ್ರವನ್ನು ಮತ್ತೆ ನೋಡಿದೆ. ಅಕ್ಷರ ಕಲಿಯದ ರೈತ ಮಹಿಳೆಯರೂ ಕಾಲದ ಆ ಜಿಗಿತವನ್ನು ತಡವರಿಸದೆ ಅನುಸರಿಸಿ ಕಣ್ಣೊರೆಸಿಕೊಂಡರು.

ಪುಟ್ಟಣ್ಣ ಕಾಲವಾದದ್ದು 1985ರ ಜೂನ್ 5ರಂದು. ಕಡತದ ಹಿಂದಿನ ಟಿಪ್ಪಣಿಗಳನ್ನು ಓದದೆ ಆದೇಶ ಬರೆಯಬಾರದೆಂಬುದು ಆಡಳಿತದ ಮೊದಲ ಪಾಠ. ಮನುಷ್ಯರ ವಿಷಯದಲ್ಲೂ ಅದೇ ನ್ಯಾಯವೆಂಬುದನ್ನು ಅವರ ಚಿತ್ರಗಳು ಮನಗಾಣಿಸಿದವು. ಹಿನ್ನೋಟವನ್ನು ಕಂತು ಬೆಳೆಸುವ ಉಪಾಯವಾಗಿಸಿಕೊಂಡ ಧಾರಾವಾಹಿಗಳು ಇದನ್ನು ಗಮನಿಸುವುದು ಒಳಿತು.