ಸೈಕಲ್ ಮನೆತನದ ಹಿರಿಯ: ದಿವಾನ್ ಬಹದ್ದೂರ್ ಮುರುಗಪ್ಪ ಚೆಟ್ಟಿಯಾರ್

ಹಿಂದೆ ನಮ್ಮ ಹಳ್ಳಿಗಳಲ್ಲಿ ಕಪ್ಪು ಬಣ್ಣದ ಸೈಕಲೊಂದು ಜಗಲಿಗೆ ಒರಗಿ ನಿಂತಿದ್ದರೆ ಆ ಮನೆ ತಕ್ಕಮಟ್ಟಿಗೆ ಅನುಕೂಲಸ್ಥರದು ಎಂದೇ ಅರ್ಥ. ಶಾಲೆಯ ಮಾಸ್ತರರು, ಅಂಚೆಯವನು, ಮೀನಿನ ಬುಟ್ಟಿ ಕಟ್ಟಿಕೊಂಡು ಬರುವವನು, ಎಲ್ಲರಿಗೂ ಅದೇ ವಾಹನ. ಮಕ್ಕಳಾದ ನಾವು ಬಾರಿನ ಕೆಳಗೆ ಕಾಲು ತೂರಿಸಿ, ಮೊಣಕಾಲು ತರಚಿಕೊಂಡು ಸವಾರಿ ಕಲಿತದ್ದೂ ಅದರ ಮೇಲೆಯೇ. ಹಲವು ಸೈಕಲುಗಳ ಮೇಲೆ ಹರ್ಕ್ಯುಲಿಸ್ ಎಂಬ ಹೆಸರಿರುತ್ತಿತ್ತು. ಹೆಸರು ಇಂಗ್ಲೆಂಡಿನದಾದರೂ ಸೈಕಲು ಮದರಾಸಿನದು. ಆಗ ಕಾಸರಗೋಡು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುದರಿಂದ ಅದು ನಮ್ಮದೇ ರಾಜ್ಯದ ಸೈಕಲಾಗಿತ್ತು ಎಂದರೂ ತಪ್ಪಾಗದು. ಅದನ್ನು ತಯಾರಿಸಿದ ಮನೆತನದ ಹಿರಿಯರು ದಿವಾನ್ ಬಹದ್ದೂರ್ ಎ. ಎಂ. ಮುರುಗಪ್ಪ ಚೆಟ್ಟಿಯಾರ್. ಅವರ ಬಾಳಿನಿಂದ ನಮ್ಮ ಮನೆಗಳು ತಿಳಿಯಬೇಕಾದ ಸಂಗತಿಯೊಂದಿದೆ.

ಮುರುಗಪ್ಪನವರು 1884ರಲ್ಲಿ ತಮಿಳುನಾಡಿನ ಚೆಟ್ಟಿನಾಡು ಸೀಮೆಯ ಪಳ್ಳತ್ತೂರಿನ ನಾಟುಕೋಟೆ ಚೆಟ್ಟಿಯಾರ್ ಮನೆತನದಲ್ಲಿ ಜನಿಸಿದರು. ಮಳೆ ಕಡಿಮೆಯ ಆ ಒಣ ಸೀಮೆಯ ಗಂಡಸರು ಕಡಲು ದಾಟಿ ಲೇವಾದೇವಿ ಮಾಡಿ, ಕೆಲವು ವರ್ಷಗಳ ಬಳಿಕ ಊರಿಗೆ ಬಂದು ಹೋಗುವುದು ವಾಡಿಕೆ. ಹಾಗೆಯೇ ಅವರೂ ಹದಿನಾಲ್ಕನೆಯ ವಯಸ್ಸಿನಲ್ಲಿ ಬರ್ಮಾಕ್ಕೆ ಹೋಗಿ ಬಂಧುವೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವುದರಿಂದ ಹಿಡಿದು ಸಾಲ ವಸೂಲಿಯವರೆಗೆ ಕೆಲಸ ಕಲಿತರು. 1900ರಲ್ಲಿ ಆರಂಭವಾದ ಅವರ ಲೇವಾದೇವಿ ವ್ಯವಹಾರ ಕ್ರಮೇಣ ಮಲಯ, ಸಿಲೋನ್, ವಿಯೆಟ್ನಾಂಗಳಿಗೂ ಹಬ್ಬಿತು. ರಬ್ಬರ್ ತೋಟ, ಜವಳಿ, ವಿಮೆಗಳೂ ಅದಕ್ಕೆ ಸೇರಿಕೊಂಡವು. ದೂರದಲ್ಲಿ ಗಳಿಸುತ್ತಿದ್ದರೂ ಹುಟ್ಟೂರನ್ನು ಅವರು ಮರೆಯಲಿಲ್ಲ. 1924ರಲ್ಲಿ ಪಳ್ಳತ್ತೂರಿನಲ್ಲಿ ಆಸ್ಪತ್ರೆಯೊಂದು ಅವರ ಮನೆತನದ ದಾನದಿಂದ ತೆರೆಯಿತು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಬರ್ಮಾದ ಭತ್ತದ ಗದ್ದೆಗಳಿಗೆ ಬಂಡವಾಳ ಒದಗಿಸಿದವರು ಚೆಟ್ಟಿಯಾರರೇ ಆದರೂ 1930ರ ಸುಮಾರಿಗೆ ಭತ್ತದ ಬೆಲೆ ಕುಸಿದಾಗ ರೈತರು ಸಾಲ ತೀರಿಸಲಾಗದೆ ಭೂಮಿ ಕಳೆದುಕೊಂಡರು. 1938ರ ಹೊತ್ತಿಗೆ ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳಲ್ಲಿ ಸುಮಾರು ಕಾಲು ಪಾಲು ಭೂಮಿ ಚೆಟ್ಟಿಯಾರರ ಕೈ ಸೇರಿತ್ತು. ಪರನಾಡಿನಲ್ಲಿ ಭೂಮಾಲಿಕನಾದ ಸಾಲಗಾರನನ್ನು ಆ ನೆಲದವರು ಪ್ರೀತಿಯಿಂದ ಕಾಣುವುದು ಸಾಧ್ಯವೇ? ಅಸಮಾಧಾನ ಹೊಗೆಯಾಡತೊಡಗಿತು.

ಈ ಗಾಳಿಯ ದಿಕ್ಕನ್ನು ಅರಿತವರಲ್ಲಿ ಮುರುಗಪ್ಪನವರೂ ಒಬ್ಬರು. ಜಪಾನಿನ ಸೈನ್ಯ ಬರ್ಮಾಕ್ಕೆ ನುಗ್ಗುವ ಮುನ್ನವೇ, 1930ರ ದಶಕದಲ್ಲಿ, ಅವರು ತಮ್ಮ ಬಂಡವಾಳವನ್ನು ಭಾರತಕ್ಕೆ ತಿರುಗಿಸತೊಡಗಿದರು. ಯುದ್ಧದಲ್ಲಿ ಸಾವಿರಾರು ಭಾರತೀಯರು ಬರ್ಮಾದಿಂದ ಕಾಲ್ನಡಿಗೆಯಲ್ಲಿ ಹಿಂತಿರುಗಬೇಕಾಯಿತು. 1948ರಲ್ಲಿ ಸ್ವತಂತ್ರವಾದ ಬರ್ಮಾ ಅದೇ ವರ್ಷ ಭೂ ರಾಷ್ಟ್ರೀಕರಣದ ಕಾನೂನು ತಂದಿತು. ಅಲ್ಲಿಯೇ ನೆಚ್ಚಿ ಕುಳಿತವರ ಕೈಯಲ್ಲಿ ಉಳಿದದ್ದು ಕಾಗದಪತ್ರ ಮಾತ್ರ. ಮುರುಗಪ್ಪನವರ ಹಣವಾದರೋ ಅಷ್ಟರಲ್ಲಿ ಮದರಾಸಿನಲ್ಲಿ ಎಮರಿ ಕಾಗದ, ಉಕ್ಕಿನ ಪೀಠೋಪಕರಣಗಳನ್ನು ಮಾಡುವ ಕಾರ್ಖಾನೆಗಳಾಗಿ ನೆಲೆಯೂರಿತ್ತು. ಬಡ್ಡಿಯ ಹಣ ಕೈಕಸುಬಿಗೆ ಇಳಿದದ್ದು ಅವರ ಬಾಳಿನ ದೊಡ್ಡ ತಿರುವು.

1949ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಅವರ ಮನೆತನವು ಇಂಗ್ಲೆಂಡಿನ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್ ಕಂಪೆನಿಯೊಡನೆ ಕೂಡಿ ಟಿ. ಐ. ಸೈಕಲ್ಸ್ ಕಂಪೆನಿಯನ್ನು ಸ್ಥಾಪಿಸಿತು. ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್ ಕಂಪೆನಿ 1946ರಿಂದ ಟ್ಯೂಬ್ ಇನ್‌ವೆಸ್ಟ್‌ಮೆಂಟ್ಸ್‌ನ ಒಡೆತನದಲ್ಲಿತ್ತು. ಅದುವರೆಗೆ ನಮ್ಮ ದೇಶಕ್ಕೆ ಸೈಕಲುಗಳು ಬಹುಪಾಲು ಹಡಗಿನಲ್ಲಿ ಬರುತ್ತಿದ್ದವು. ಇನ್ನು ಮುಂದೆ ಅವು ಮದರಾಸಿನ ಹೊರವಲಯದ ಅಂಬತ್ತೂರಿನಲ್ಲಿ ತಯಾರಾಗತೊಡಗಿದವು. ಮೊದಲ ಕಾರ್ಖಾನೆಯ ಹೊಣೆ ಹೊತ್ತವರಲ್ಲಿ ಪ್ರಮುಖರು ಹಿರಿಯ ಪುತ್ರ ಎ. ಎಂ. ಎಂ. ಮುರುಗಪ್ಪ ಚೆಟ್ಟಿಯಾರ್. ತಂದೆ ಮಗ ಇಬ್ಬರ ಹೆಸರೂ ಒಂದೇ ಆದ್ದರಿಂದ ಅನೇಕರು ಗೊಂದಲಕ್ಕೆ ಬೀಳುವುದುಂಟು. ಸೈಕಲಿಗೆ ಬೇಕಾದ ಕೊಳವೆಗಾಗಿ 1955ರಲ್ಲಿ ಟ್ಯೂಬ್ ಪ್ರಾಡಕ್ಟ್ಸ್, ಸರಪಳಿಗಾಗಿ 1960ರಲ್ಲಿ ಟಿ. ಐ. ಡೈಮಂಡ್ ಚೈನ್ ಕಂಪೆನಿಗಳು ಹುಟ್ಟಿದವು. ಹಿರಿಯ ಪುತ್ರರು 1965ರಲ್ಲಿ ನಿಧನರಾದ ಮೇಲೆ ತಮ್ಮಂದಿರು, ಆಮೇಲೆ ಮೊಮ್ಮಕ್ಕಳು, ಮರಿಮಕ್ಕಳು ಮುಂದುವರಿಸಿದರು. ಫಿಲಿಪ್ಸ್, ಬಿ. ಎಸ್. ಎ. ಸೈಕಲುಗಳೂ ಅದೇ ಮನೆತನದಿಂದ ಬಂದವು.

ಇಷ್ಟು ತಲೆಮಾರು ಒಡೆಯದೆ ನಿಂತದ್ದು ಹೇಗೆ? ಚೆಟ್ಟಿನಾಡಿನ ಮನೆಗಳಲ್ಲಿ ಒಂದು ಪದ್ಧತಿಯಿದೆ. ಮನೆ ಒಂದೇ, ದೇವರು ಒಂದೇ. ಆದರೆ ಮದುವೆಯಾದ ಪ್ರತಿಯೊಬ್ಬ ಮಗನಿಗೂ ಬೇರೆ ಕೋಣೆ, ಬೇರೆ ಒಲೆ, ಬೇರೆ ಲೆಕ್ಕ. ಹಾಲು ಎಷ್ಟು, ಬೆಲ್ಲ ಎಷ್ಟು ಎಂಬ ಜಗಳಕ್ಕೆ ಅಲ್ಲಿ ಎಡೆಯಿಲ್ಲ. ಅಂಥ ಮನೆಯಲ್ಲಿ ಬೆಳೆದವರಿಗೆ ವ್ಯಾಪಾರದಲ್ಲೂ ಪಾಲು ಸ್ಪಷ್ಟವಾಗಿರಬೇಕು, ಸೂರು ಒಂದೇ ಇರಬೇಕು ಎಂಬುದು ಸಹಜವಾಗಿಯೇ ಬಂದಿರಬೇಕೆಂದು ನಮಗೆ ತೋರುತ್ತದೆ.

ಆದರೆ ಆ ಸೂರಿನಡಿಯಲ್ಲಿ ಹೆಣ್ಣುಮಕ್ಕಳಿಗೆ ಆಡಳಿತದ ಜಾಗವಿರಲಿಲ್ಲ. ಗಂಡುಮಕ್ಕಳಿಲ್ಲದ ಮನೆತನದ ಹಿರಿಯರೊಬ್ಬರು 2017ರಲ್ಲಿ ತೀರಿಕೊಂಡಾಗ ಅವರ ಪುತ್ರಿ ಕುಟುಂಬದ ಹೂಡಿಕೆ ಕಂಪೆನಿಯ ಮಂಡಳಿಯಲ್ಲಿ ಸ್ಥಾನ ಕೇಳಿದರು. 2020ರಲ್ಲಿ ಪಾಲುದಾರರ ಸಭೆ ಅದನ್ನು ನಿರಾಕರಿಸಿತು. 2023ರಲ್ಲಷ್ಟೇ ರಾಜಿಯಾಯಿತು. ಅಳಿಯಸಂತಾನ ಕಟ್ಟಿನ ನಮ್ಮ ತುಳು, ಕನ್ನಡ ಕುಟುಂಬಗಳಿಗೆ ಇದು ವಿಚಿತ್ರವೆನಿಸಬಹುದು; ನಮ್ಮಲ್ಲಿ ಆಸ್ತಿಯ ಬಳ್ಳಿ ಹಬ್ಬಿದ್ದೇ ಹೆಣ್ಣಿನಿಂದ. ಆದರೂ ಹಿಗ್ಗಬೇಕಾಗಿಲ್ಲ. ಮದರಾಸು ಅಳಿಯಸಂತಾನ ಕಾಯಿದೆ ಪಾಲು ಕೇಳುವ ಹಕ್ಕು ಕೊಟ್ಟದ್ದೂ ಅದೇ 1949ರಲ್ಲಿ. ಆ ಮೇಲೆ ಎಷ್ಟು ದೊಡ್ಡ ಮನೆಗಳು ಚೂರುಚೂರಾದವು ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಇಂದು ನಮ್ಮ ಮನೆಗಳ ಹುಡುಗರೂ ಹುಡುಗಿಯರೂ ಕೊಲ್ಲಿ ದೇಶಗಳಲ್ಲಿ, ಬೆಂಗಳೂರಿನಲ್ಲಿ ದುಡಿಯುತ್ತಿದ್ದಾರೆ. ಅವರು ಕಳುಹಿಸುವ ಹಣ ಎಲ್ಲಿಗೆ ಹೋಗುತ್ತಿದೆ? ಬಹುಪಾಲು ಮನೆಗೆ, ಮದುವೆಗೆ, ಚಿನ್ನಕ್ಕೆ. ಆ ಮನೆಗಳಲ್ಲಿ ಕೆಲವಕ್ಕೆ ಬೀಗ ಬಿದ್ದಿದೆ, ದೀಪ ಹಚ್ಚಲು ಒಬ್ಬ ಅಜ್ಜಿ ಮಾತ್ರ ಇದ್ದಾರೆ. ಹತ್ತು ಜನರಿಗೆ ಕೆಲಸ ಕೊಡುವ ಒಂದು ಸಣ್ಣ ಕಾರ್ಖಾನೆ ಊರಿನಲ್ಲಿದ್ದರೆ ಮಕ್ಕಳು ಊರಿಗೆ ಮರಳಲು ಕಾರಣವಿರುತ್ತದೆ. ಮಕ್ಕಳು ಮರಳಿದರೆ ಕನ್ನಡ ಶಾಲೆಯ ಬೆಂಚು ತುಂಬುತ್ತದೆ. ಭಾಷೆಯನ್ನು ಉಳಿಸುವ ಕೆಲಸ ಸಭೆ, ನಿರ್ಣಯಗಳಿಂದ ಮಾತ್ರ ಆಗದು.

ಪರನಾಡಿನ ಗಳಿಕೆ ಪರನಾಡಿನಲ್ಲಿಯೇ ಶಾಶ್ವತವೆಂದು ನಂಬದೆ, ಸಮಯವಿರುವಾಗಲೇ ಅದನ್ನು ಮನೆಗೆ ತಂದು ದುಡಿಮೆಯಾಗಿ ಮಾರ್ಪಡಿಸಿದ್ದು ಮುರುಗಪ್ಪ ಚೆಟ್ಟಿಯಾರರ ದೂರದೃಷ್ಟಿ. ತಮ್ಮ ಮನೆತನದ ಸೈಕಲು ರಸ್ತೆಗಿಳಿದದ್ದನ್ನು ಅವರು ನೋಡಲಿಲ್ಲ. ಆದರೆ ನಮ್ಮ ಊರಿನ ಮಾಸ್ತರರು ಮಳೆಗಾಲದ ಕೆಸರಿನಲ್ಲೂ ಅದನ್ನೇರಿ ಶಾಲೆಗೆ ಬಂದು, ನಮಗೆ ಕನ್ನಡ ಅಕ್ಷರ ಕಲಿಸಿದರು.